ಕೊನೆಯ ಬೆಂಚಿಗೆ ಕೇಳಿಸಬೇಕು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಶಿಕ್ಷಕರ ತರಬೇತಿ ಕಾಲೇಜಿನ ವಿಜ್ಞಾನದ ಕೋಣೆಯಲ್ಲಿ ಗುಡುಗು ಮೇಡಂ ಗಾಜಿನ ಲೋಟಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದಾರೆ. ಆ ಹೆಸರು ವಿದ್ಯಾರ್ಥಿಗಳು ಬೆನ್ನ ಹಿಂದೆ ಇಟ್ಟದ್ದು. ಇಲ್ಲಿ ಬೈದರೆ ಗೇಟಿನಾಚೆ ಕೇಳುತ್ತಿದ್ದ ದನಿ ಈಗ ಒಡೆದ ಮಡಕೆ. ಸೋಮವಾರ ಆಪರೇಷನ್. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಮಾತಿಲ್ಲ.

"ಡಾಕ್ಟರು ಮಾತಾಡ್ಬೇಡ ಅಂದಿದ್ದಾರೆ. ಇವಳಿಗೆ ಬೆಳಗಾಗೋದೇ ತಡ, ಶುರು," ಎಂದು ಬಿಸಿನೀರಿನ ಫ್ಲಾಸ್ಕ್ ಹಿಡಿದು ಹಿಂದೆಯೇ ಬಂದ ಅವರ ಅಕ್ಕ ಗೊಣಗುತ್ತಾರೆ.

"ಉಳಿಸಿಟ್ರೆ ಮರಿ ಹಾಕುತ್ತೇನಕ್ಕ? ಇರೋದನ್ನ ಮುಗಿಸಿಯೇ ಹೋಗ್ತೀನಿ ಬಿಡು."

ನಾಳೆ ಮೇಷ್ಟ್ರಾಗುವವರು ಇಲ್ಲಿಗೆ ಪಾಠ ಉರುಹೊಡೆದುಕೊಂಡು ಬರುತ್ತಾರೆ. ಮಕ್ಕಳಿಗೆ ಬೆನ್ನು ಹಾಕಿ ಕಪ್ಪುಹಲಗೆಗೆ ಪಾಠ ಹೇಳುವ ಜಾತಿ ಇದು. ಹಲಗೆ ಜಾಣ ಆಗುತ್ತದೆ, ಮಕ್ಕಳು ದಡ್ಡರಾಗಿಯೇ ಉಳಿಯುತ್ತಾರೆ. ಈ ರೋಗಕ್ಕೆ ಮೇಡಂ ಕಂಡುಕೊಂಡ ಮದ್ದು ಒಂದೇ. ಪ್ರಯೋಗ ಮಾಡುವವನು ತುಟಿ ಬಿಚ್ಚಬಾರದು. ಮಾತಾಡುವವಳು ಕೋಣೆಯ ಆ ತುದಿಯಲ್ಲಿ ನಿಂತಿರಬೇಕು. ಕಿವಿಗೆ ಬಿದ್ದಷ್ಟನ್ನೇ ಕೈ ಮಾಡಬೇಕು. ಸ್ವಂತ ಬುದ್ಧಿ ಓಡಿಸಿದರೆ ಬೈಗುಳ.

ಗಂಟೆ ಹೊಡೆದು ಕ್ಲಾಸ್ ಶುರುವಾಗಿದೆ. ಇಂದು ಮಾತಿನ ಸರದಿ ಪಿಸುಮಾತಿನ ಹುಡುಗಿಯದು. ಒಬ್ಬ ದಪ್ಪ ಹುಡುಗ ಲೋಟದ ತಳಕ್ಕೆ ಕಾಗದ ತುರುಕಿ ಕಾಯುತ್ತಿದ್ದಾನೆ.

"ಲೋಟವನ್ನ ನೀರಲ್ಲಿ ಮುಳುಗಿಸು," ಎನ್ನುತ್ತಾಳೆ.

ಅವನು ಅಡ್ಡಡ್ಡ ಮುಳುಗಿಸುತ್ತಾನೆ. ಬುಳುಬುಳು. ಕಾಗದ ಒದ್ದೆ. ಎಲ್ಲರೂ ನಗುತ್ತಾರೆ.

"ಪುಸ್ತಕದಲ್ಲಿ ಹಾಗೇ ಇದೆ, ಮೇಡಂ," ಎನ್ನುತ್ತಾಳೆ ಹುಡುಗಿ.

"ಪುಸ್ತಕ ಬಂದು ನಿನ್ನ ಬದಲು ಕ್ಲಾಸ್ ಮಾಡುತ್ತದೇನೇ?"

ಹುಡುಗ ಲೋಟ ಒರೆಸಿ ಬೇರೆ ಕಾಗದ ತುರುಕುತ್ತಾನೆ. ಹುಡುಗಿ ಮತ್ತೆ ಆರಂಭಿಸುತ್ತಾಳೆ. ಬೈಸಿಕೊಂಡು ದನಿ ಇನ್ನೂ ಇಳಿದಿದೆ, ಮೊದಲ ಬೆಂಚಿಗೂ ಕೇಳುವುದಿಲ್ಲ. ಮೇಡಂ ಎಂದಿನಂತೆ "ಕೇಳಿಸ್ತಿಲ್ಲ!" ಎಂದು ಗುಡುಗಲು ಬಾಯಿ ತೆರೆಯುತ್ತಾರೆ. ಬರೀ ಗಾಳಿ ಬರುತ್ತದೆ. ಇನ್ನೊಮ್ಮೆ ತೆರೆಯುತ್ತಾರೆ. ಅದೂ ಇಲ್ಲ. ಅಕ್ಕ ಮುಖ ತಿರುಗಿಸಿ ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತಾರೆ.

ಮೇಡಂ ನಡೆದುಹೋಗಿ ಕೊನೆಯ ಬೆಂಚಿನಲ್ಲಿ ಕೂತು ಕಿವಿಗೆ ಕೈ ಹಚ್ಚುತ್ತಾರೆ. ಹುಡುಗಿಯ ಕಣ್ಣು ತುಂಬಿದೆ. ಆದರೂ ತಲೆ ಎತ್ತುತ್ತಾಳೆ. "ಲೋಟದ ಬಾಯಿ ಕೆಳಗೆ ಮಾಡು! ನೆಟ್ಟಗೆ ಹಿಡಿ! ಓರೆ ಮಾಡ್ಬೇಡ! ಹಾಗೇ ನೀರಿಗೆ ಇಳಿಸು!" ಕಾಗದ ಒದ್ದೆಯಾಗದೆ ಮೇಲೆ ಬರುತ್ತದೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಬಾಯಿಲ್ಲದವರು ಬಾಯಿ ಕಲಿಸುವುದು ಹೇಗೆ ಎಂಬುದು ಪ್ರಿನ್ಸಿಪಾಲರ ವಾದ. ಆಪರೇಷನ್ ಆದ ಮೇಲೆ ಮೇಡಂಗೆ ಆಫೀಸಿನಲ್ಲಿ ಕುರ್ಚಿ, ಈ ಕೋಣೆಗೆ ಟೀವಿ. ಇನ್ನು ಪ್ರಯೋಗವನ್ನು ನೋಡಿದರೆ ಸಾಕಂತೆ. ಈಜು ಕಲಿಸಲು ಕೆರೆಯ ಚಿತ್ರ ತೋರಿಸುವ ಬುದ್ಧಿವಂತರಿಗೆ ನಮ್ಮಲ್ಲಿ ಬರವಿಲ್ಲ.

ಬಿಸಿನೀರು ಕುಡಿದ ಮೇಲೆ ಮೇಡಂಗೆ ಸ್ವಲ್ಪ ದನಿ ಮರಳುತ್ತದೆ. ಟೀವಿ ಬೇಡ, ಆ ಕೊನೆಯ ಬೆಂಚು ತನಗೆ ಬಿಡಿ ಎಂದು ಅವರು ಪ್ರಿನ್ಸಿಪಾಲರನ್ನು ಕೇಳಿ ವಾರವಾಯಿತು. ಉತ್ತರ ಬಂದಿಲ್ಲ.

"ಕೇಳಿಸ್ತೋ ಇಲ್ವೋ ಅಂತ ತಿಳಿಸೋಕೆ ಬಾಯಿ ಯಾಕೆ ಬೇಕು?" ಎನ್ನುತ್ತಾರೆ ಅವರು. "ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ."