ಅಕ್ಕತಂಗಿಯರ ಹಾಡುವ ಗಡಿಯಾರಗಳು

ನನ್ನ ಗಂಡ ತೀರಿಕೊಂಡ ಮೇಲೆ ಯಾರು ಏನು ಹೇಳಿದರೂ ಮಾಡುತ್ತಿದ್ದೆ. ಊಟ ಮಾಡು ಎಂದರೆ ಮಾಡುತ್ತಿದ್ದೆ, ಮಲಗು ಎಂದರೆ ಮಲಗುತ್ತಿದ್ದೆ. ಜುರಾಂಗ್ ಐಲ್ಯಾಂಡಿನ ಅವರ ಕಂಪನಿಯವರು ಬಂದು ಲಾಕರಿನಲ್ಲಿದ್ದ ಹೆಲ್ಮೆಟ್ಟು, ಶೂ ಕೊಟ್ಟಾಗ ಥ್ಯಾಂಕ್ಸ್ ಹೇಳಿ ಕಾಫಿ ಮಾಡಿಕೊಟ್ಟೆ. ಅಳು ಬರಲಿಲ್ಲ. ಕಾಲೇಜಿಗೆ ಹೋಗುವ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಆದ್ದರಿಂದ ಯಿಶುನ್‌ನಲ್ಲಿ ನಮ್ಮ ಪಕ್ಕದ ಮನೆಯ ಚೀನೀ ಆಂಟಿ ಒಂದು ಬೆಳಿಗ್ಗೆ ಬಾಗಿಲು ತಟ್ಟಿ, "ನನ್ ಜೊತೆ ಬಾ, ಅವರ ಇಂಗ್ಲಿಷ್ ನಂಗೆ ಅರ್ಥ ಆಗಲ್ಲ" ಎಂದಾಗ, ಎಲ್ಲಿಗೆ ಎಂದೂ ಕೇಳದೆ ಚಪ್ಪಲಿ ಮೆಟ್ಟಿಕೊಂಡೆ.

ಹೋದದ್ದು ಹಳೆಯ ಗಡಿಯಾರಗಳನ್ನು ಹರಾಜು ಹಾಕುವ ಒಂದು ಆಫೀಸಿಗೆ. ಆಂಟಿ ಬ್ಯಾಗಿನಿಂದ ಮುಖ ಒರೆಸುವ ಟವೆಲಿನ ಗಂಟು ತೆಗೆದು ಬಿಚ್ಚಿದರು. ಒಳಗೆ ಅಂಗೈಯಗಲದ ಚಿನ್ನದ ಪಾಕೆಟ್ ವಾಚು. ಅಂಚಿನ ಸುತ್ತ ಸಾಸಿವೆಗಿಂತ ತುಸು ದೊಡ್ಡ ಮುತ್ತುಗಳು. ಹಿಂಬದಿಯಲ್ಲಿ ಎನಾಮೆಲ್ಲಿನ ಚಿತ್ರ: ಕಡುನೀಲಿ ಆಕಾಶ, ಒಂದು ಮರ, ಕುರಿಮರಿಯ ಪಕ್ಕ ಕೂತ ಬಿಳಿ ಹುಡುಗಿ. ಚೆನ್ನಾಗಿದೆ ಎಂದು ನನಗೆ ಗೊತ್ತಾಯಿತು. ಚೆನ್ನಾಗಿದೆ ಎಂದು ಅನಿಸಲಿಲ್ಲ.

ಅಲ್ಲಿದ್ದ ಹೆಂಗಸು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಇನ್ನೂರು ವರ್ಷದ ಹಿಂದೆ ಚೀನಾದ ಸಿರಿವಂತರಿಗೆ ಮಾರಲೆಂದೇ ಸ್ವಿಸ್ ಕುಶಲಕರ್ಮಿಗಳು ಮಾಡಿದ್ದು, ಒಳಗೆ ಸಂಗೀತವಿದೆ, ಇಂಥವನ್ನು ಹೆಚ್ಚಾಗಿ ಜೋಡಿಯಾಗಿ ಮಾಡುತ್ತಿದ್ದರು ಎಂದರು. "ಇದರ ಜೋಡಿ ಎಲ್ಲಿದೆ?" ನಾನು ಅದನ್ನು ಆಂಟಿಗೆ ಬಿಡಿಸಿ ಹೇಳಿದೆ.

"ಅಕ್ಕನ ಹತ್ರ," ಎಂದರು ಆಂಟಿ. "ಅಪ್ಪ ಇಬ್ಬರಿಗೂ ಒಂದೊಂದು ಕೊಟ್ಟ. ಕೀ ಮಾತ್ರ ಒಂದೇ. ಅದು ಅವಳ ಹತ್ರ ಉಳೀತು. ಕೇಳ್ದೆ, ಕೊಡ್ಲಿಲ್ಲ. ಮಾತು ಬೆಳೀತು. ಆಮೇಲೆ ಮಾತೇ ನಿಂತೋಯ್ತು."

"ಹಾಗಾದ್ರೆ ನೀವು ಇದರ ಹಾಡು ಕೇಳೇ ಇಲ್ವಾ?" ಎಂದರು ಆ ಹೆಂಗಸು.

"ಮದುವೆಗೆ ಮುಂಚೆ ಕೇಳಿದ್ದು."

ಆ ಹೆಂಗಸು ಮುಚ್ಚಳ ತೆರೆದು ಯಂತ್ರವನ್ನು ಪರೀಕ್ಷಿಸಿ, ಡ್ರಾಯರಿನಿಂದ ಪುಟ್ಟ ಕೀಗಳ ಗೊಂಚಲು ತೆಗೆದರು. ಮೊದಲನೆಯದು ಕೂರಲಿಲ್ಲ. ಇನ್ನೊಂದು ಕೂತಿತು. ಮೆಲ್ಲಗೆ ಕೀ ಕೊಟ್ಟು, ಅಂಚಿನ ಸಣ್ಣ ಗುಂಡಿ ಸರಿಸಿದರು. ಹಾಡು ಬಂತು. ನಡುನಡುವೆ ಸ್ವರಗಳು ಬಿಟ್ಟುಹೋಗುತ್ತಿದ್ದವು.

ಆಂಟಿ ಹಾಡು ಕೇಳುತ್ತಿರಲಿಲ್ಲ, ಗೊಂಚಲನ್ನೇ ನೋಡುತ್ತಿದ್ದರು.

"ಬೇರೆ ಕೀ ಆಗುತ್ತಾ?" ಎಂದು ನನ್ನನ್ನು ಕೇಳಿದರು. ನಾನು ಆ ಹೆಂಗಸನ್ನು ಕೇಳಿದೆ.

"ಅಳತೆ ಸರಿ ಇದ್ರೆ ಯಾವುದಾದ್ರೂ ಆಗುತ್ತೆ," ಎಂದರು ಅವರು.

ಆಂಟಿ ವಾಚನ್ನು ಮತ್ತೆ ಟವೆಲಿನಲ್ಲಿ ಸುತ್ತಿದರು. ಮಾರುವುದಿಲ್ಲ ಎಂದರು. ಹೊರಗೆ ಬಂದು ಎಂಆರ್‌ಟಿ ರೈಲು ಹತ್ತಿದ ಮೇಲೆ, "ತೋವಾ ಪಾಯೋದಲ್ಲಿ ಇಳಿಯೋಣ. ಅಕ್ಕನ ಮನೆ," ಎಂದರು. ಇಳಿದೆವು.

ಬಾಗಿಲು ತೆಗೆದ ಮುದುಕಿ ತಂಗಿಯನ್ನು ನೋಡಿ ಗ್ರಿಲ್ ಹಿಡಿದುಕೊಂಡು ನಿಂತುಬಿಟ್ಟರು. ಆಮೇಲೆ ಹೊಕ್ಕಿಯೆನ್ ಎಂಬ ಅವರ ಚೀನೀ ಭಾಷೆಯಲ್ಲಿ ಜೋರಾಗಿ ಏನೋ ಬೈದರು. ಬೈಯುತ್ತಲೇ ಗ್ರಿಲ್ ತೆಗೆದರು.

"ಏನಂತಾರೆ?" ಎಂದೆ.

"ಎಷ್ಟು ಬಡವಾಗಿದ್ದೀಯ, ಅಂತಾಳೆ."

ಅಕ್ಕ ಒಳಗಿನಿಂದ ತಮ್ಮ ವಾಚು ತಂದರು. ಅದೇ ಮರ, ಅದೇ ಕುರಿಮರಿ, ಹುಡುಗಿ ಮಾತ್ರ ಇನ್ನೊಂದು ಕಡೆಗೆ ತಿರುಗಿದ್ದಳು. ಮೇಜಿನ ಮೇಲೆ ಜೊತೆಗಿಟ್ಟಾಗ ಇಬ್ಬರು ಹುಡುಗಿಯರೂ ಎದುರುಬದುರಾದರು. ಆದರೆ ಅಕ್ಕನ ವಾಚು ಹಾಡುತ್ತಿರಲಿಲ್ಲ. ಪ್ರತಿ ಹೊಸವರ್ಷಕ್ಕೂ ಬಂದವರ ಮುಂದೆಲ್ಲ ಹಾಡಿಸಿ ಹಾಡಿಸಿ ಒಳಗಿನ ಸ್ಪ್ರಿಂಗ್ ಎಂದೋ ಮುರಿದಿತ್ತಂತೆ. ಕೀ ಮಾತ್ರ ಕೆಂಪು ದಾರದಲ್ಲಿ ತೂಗುತ್ತಿತ್ತು. ಅದನ್ನು ಬಿಚ್ಚಿ ತಂಗಿಯ ಕೈಗೆ ಕೊಟ್ಟರು.

ಆಂಟಿ ತಮ್ಮ ವಾಚಿಗೆ ಕೀ ಕೊಟ್ಟರು. ಅಕ್ಕನಿಗೆ ಕಿವಿ ಮಂದ. ವಾಚನ್ನು ಕೆನ್ನೆಗೊತ್ತಿ ಹಿಡಿದರು. ಹಾಡು ಮುಗಿಯುವ ಮೊದಲೇ ಅತ್ತುಬಿಟ್ಟರು. ಆಂಟಿ ಅಳಲಿಲ್ಲ. ನನ್ನ ಮುಂದೆ ಹೆಚ್ಚಿದ ಪಪ್ಪಾಯ ಬಂತು, ತಿಂದೆ.

ಹೊರಡುವಾಗ ಆಂಟಿ ವಾಚನ್ನು ಅಲ್ಲೇ ಬಿಟ್ಟರು. ಮುಂದಿನ ವಾರ ಬರುತ್ತೇನೆ ಎಂದರಂತೆ. ಸ್ಟೇಷನ್ನಿನಲ್ಲಿ ನಾನು ತಡೆಯಲಾರದೆ ಕೇಳಿದೆ: "ಆಂಟಿ, ನಿಮಗೆ ಅಳು ಬರ್ಲಿಲ್ವಾ?"

ಅವರು ನನ್ನನ್ನು ಒಮ್ಮೆ ನೋಡಿದರು. "ಅಲ್ಲಿ ಬರ್ಲಿಲ್ಲ. ಯಾವತ್ತೋ ಪಾತ್ರೆ ತೊಳೀವಾಗ ಬರುತ್ತೆ. ನೀನೂ ಅವಸರ ಮಾಡ್ಬೇಡ."

ರೈಲು ಬಂತು, ಹತ್ತಿದೆವು.

ರೈಲಿನಲ್ಲಿ ಅವರು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದರು. ಯಿಶುನ್ ಬಂತು. ಬಾಗಿಲು ತೆರೆದು ಮುಚ್ಚಿಕೊಂಡಿತು. ನಾನು ಎಬ್ಬಿಸಲಿಲ್ಲ. ಆಗ ಮಗಳ ಫೋನು.

"ಅಮ್ಮಾ, ಎಲ್ಲಿದ್ದೀಯ? ಅನ್ನಕ್ಕಿಡ್ಲಾ?"

"ಯಿಶುನ್ ದಾಟಿ ಸೆಂಬವಾಂಗ್ ಹತ್ರ," ಎಂದೆ. "ಇಡು. ಆಂಟೀನೂ ಊಟಕ್ಕೆ ಬರ್ತಾರೆ."

ಬಹಳ ದಿನಗಳ ಮೇಲೆ, ಯಾರೂ ಹೇಳದೆ ನಾನೇ ನಿರ್ಧರಿಸಿದ ಮಾತು ಅದು. ಅದು ನನ್ನ ಗಮನಕ್ಕೆ ಬಂದದ್ದು ಮಾತ್ರ ಆ ವಾರವೆಲ್ಲ ಕಳೆದ ಮೇಲೆ.