ನೀಲಾ ಮುರಿದುಕೊಂಡ ನೆಟಿಗೆ

ಗುರುಸಿದ್ದಪ್ಪನವರ ಮನೆಯ ಆಲ್ಬಮ್ ನೋಡಿದವರಿಗೆ, ಈ ಮನುಷ್ಯನಿಗೆ ಹೆಂಡತಿಯೇ ಇರಲಿಲ್ಲವೇನೋ ಅನ್ನಿಸಬೇಕು. ಮಗಳು ನಿರೀಕ್ಷಾಳ ತೊಟ್ಟಿಲಿದೆ, ಹುಟ್ಟುಹಬ್ಬವಿದೆ, ನಾಂಪಲ್ಲಿ ಎಕ್ಸಿಬಿಷನ್ನಿನಲ್ಲಿ ಬಾಯಿಗೆಲ್ಲ ಐಸ್‌ಕ್ರೀಮ್ ಬಳಿದುಕೊಂಡದ್ದೂ ಇದೆ. ಒಂದರಲ್ಲೂ ಹೆಂಡತಿ ನೀಲಾ ಇಲ್ಲ. ಕ್ಯಾಮೆರಾ ಹೊರಬಂತೆಂದರೆ ಅವಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಎಕ್ಸಿಬಿಷನ್ನಿನಲ್ಲಿ ಹಾಲು ಎಲ್ಲಿತ್ತು ಎಂದು ಕೇಳಬೇಡಿ, ಅಲ್ಲಿ ಚಪ್ಪಲಿ ಕಿತ್ತುಹೋಗಿತ್ತು.

ಗಂಡನ ಕಾರ್ಖಾನೆ ನೌಕರಿಯ ಹಿಂದೆ ಕಲಬುರಗಿಯಿಂದ ಹೈದರಾಬಾದಿಗೆ ಬಂದವಳು ತನ್ನ ಮುಖದ ಸಂಕಟವನ್ನೂ ಕಟ್ಟಿಕೊಂಡೇ ಬಂದಿದ್ದಳು. ಚಿಕ್ಕವಳಿದ್ದಾಗ, ಯಾವುದಾದರೂ ಮದುವೆಯಿಂದ ಮರಳಿದ ಕೂಡಲೇ ಅವ್ವ ಅಕ್ಕ ಸತ್ಯಭಾಮಾಳನ್ನು ಕೂರಿಸಿಕೊಂಡು, ಮುಖದ ಮೇಲೆ ಎರಡೂ ಕೈ ಇಳಿಸಿ, ತನ್ನ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು. ಅಕ್ಕ ಬೆಳ್ಳಗೆ, ತೆಳ್ಳಗೆ. ನೀಲಾ ಪಕ್ಕದಲ್ಲೇ ತನ್ನ ಸರದಿಗೆ ಕಾಯುತ್ತಿದ್ದಳು.

"ಇಕಿಗೆ ಯಾರ ಕಣ್ಣು ಬೀಳತೈತಿ, ಹೋಗು ಆಡ್ಕೋ ಹೋಗು" ಎಂದು ಅವ್ವ ನಗುತ್ತಿದ್ದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಲ್ಲದಿದ್ದರೇನು, ನಾಟುವುದು ನಾಟಿತು.

ಈಗ ನಿರೀಕ್ಷಾಳ ನಿಶ್ಚಿತಾರ್ಥ ಬಂದಿತ್ತು. ಕೊಂಡಾಪುರದ ಆಫೀಸಿನಿಂದ ಬಂದವಳು ಬ್ಯಾಗ್ ಇಳಿಸುವ ಮೊದಲೇ ಹೇಳಿದಳು: "ಅವ್ವಾ, ಈ ಸಲ ಫೋಟೋದಾಗ ನೀ ನನ್ನ ಬಾಜೂ ನಿಂದ್ರಬೇಕು. ಓಡಿ ಹೋದ್ರ ಮದುವಿಗೂ ಬರಬ್ಯಾಡ."

ತಮಾಷೆಯಾಗಿದ್ದರೆ ಚೆನ್ನಾಗಿತ್ತು. ಹುಡುಗಿಯ ಕಣ್ಣಲ್ಲಿ ನೀರಿತ್ತು.

ಅಂದಿನಿಂದ ನೀಲಾಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕಿದಳು. ಎದುರು ಫ್ಲ್ಯಾಟಿನ ಸ್ನೇಹಲತಾ ಯಾವುದೋ ಶಿಬಿರಕ್ಕೆ ಹೋಗಿ ಮನಸ್ಸಿನ ಕಳವಳ ಇಳಿಸುವ ಟ್ಯಾಪಿಂಗ್ ಕಲಿತು ಬಂದಿದ್ದಳು. ಇವಳ ಅವಸ್ಥೆ ನೋಡಲಾರದೆ ಹೇಳಿಕೊಟ್ಟಳು.

"ಹುಬ್ಬು, ಕಣ್ಣಿನ ಕೆಳಗ, ಮೂಗಿನ ಕೆಳಗ, ಗದ್ದ, ಕೊರಳ ಎಲುಬು. ಬೆರಳ ತುದೀಲೆ ಮೆಲ್ಲಕ ಬಡಕೋತ ಅನ್ರಿ: ನಾ ಚಂದ ಇಲ್ಲ ಅನಸಿದ್ರೂ, ನನ್ನ ನಾ ಪೂರಾ ಒಪ್ಪೀನಿ."

ನೀಲಾ ಬಡಿದುಕೊಂಡಳು. ಕುಕ್ಕರ್ ಕೂಗುವಾಗ, ಲಿಫ್ಟಿನಲ್ಲಿ, ಲಿಂಗಂಪಲ್ಲಿ ಲೋಕಲ್ ರೈಲಿನಲ್ಲಿ ಕೂಡ. "ತಲಿ ನೋಯಾಕತ್ತೈತೇನು, ಬಾಮ್ ಹಚ್ಚಲೇನು?" ಎಂದು ಗುರುಸಿದ್ದಪ್ಪ ಕೇಳಿ ಕೇಳಿ ಸುಸ್ತಾದರು. ಬಡಿಯುತ್ತ ಹೋದಂತೆ ಎದೆಯ ಡವಡವ ಇಳಿಯುತ್ತಿದ್ದದ್ದು ನಿಜ. ಆದರೆ ಮಾತಿನ ಮೊದಲರ್ಧ ಸಲೀಸಾಗಿ ಬರುತ್ತಿತ್ತು, ಎರಡನೆಯದು ಗಂಟಲಲ್ಲೇ ಉಳಿಯುತ್ತಿತ್ತು. ಕನ್ನಡಿ ಕಂಡರೆ ಡವಡವ ಮತ್ತೆ ಶುರು.

ನಿಶ್ಚಿತಾರ್ಥದ ದಿನ ಉಂಗುರ ತೊಡಿಸಿದ್ದಾಯಿತು. ವೇದಿಕೆಯಿಂದ "ಹುಡುಗಿ ತಾಯಿ ಎಲ್ಲಿ?" ಎಂದು ಕೂಗುತ್ತಿದ್ದರು. ತಾಯಿ ಸೀರೆ ಉಡುವ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕನ್ನಡಿಯ ಮುಂದಿದ್ದಳು. ಹುಬ್ಬು, ಕಣ್ಣಿನ ಕೆಳಗೆ, ಗದ್ದ. "ನಾ ಚಂದ ಇಲ್ಲ ಅನಸಿದ್ರೂ…" ಅಷ್ಟೇ. ಮುಂದಿನದು ಬರಲಿಲ್ಲ, ಸಿಟ್ಟು ಬಂತು. ತೀರಿಹೋದ ಅವ್ವನ ಮೇಲೆ, ಸರದಿಗೆ ಕಾಯುತ್ತ ಕೂತಿದ್ದ ಆ ಹುಡುಗಿಯ ಮೇಲೆ, ಎಲ್ಲ ಫೋಟೋಗಳ ಮೇಲೆ. ಬಡಿಯುತ್ತಿದ್ದ ಕೈ ನಿಂತಿತು. ಎರಡೂ ಕೈ ಕನ್ನಡಿಯೊಳಗಿನ ಮುಖದ ಮೇಲೆ ಹಣೆಯಿಂದ ಗದ್ದದವರೆಗೆ ಇಳಿದು ತನ್ನ ಕಪಾಳಕ್ಕೆ ಬಂದವು. ಒತ್ತಿದಳು. ಬೆರಳೆಲ್ಲ ಲಟಲಟ ಎಂದವು. ಅಷ್ಟು ಸದ್ದು ಬಂದರೆ ಭಾಳ ಮಂದಿಯ ಕಣ್ಣು ಬಿದ್ದಿದೆ ಎಂದು ಅವ್ವನೇ ಹೇಳುತ್ತಿದ್ದಳು.

ಕರೆಯಲು ಬಂದ ಸತ್ಯಭಾಮಾ ಬಾಗಿಲಲ್ಲಿ ನಿಂತಿದ್ದಳು.

"ಏನ ನೀಲಾ, ತನ್ನ ದೃಷ್ಟಿ ತಾನ ತಗೀತಾರೇನು?"

"ಮತ್ತ ಯಾರು ತಗದಾರ ಅಕ್ಕಾ, ನನಗ?"

ತಂಗಿಯ ಸೆರಗು ಸರಿಮಾಡಲು ಅಕ್ಕ ಚಾಚಿದ ಕೈ ಅರ್ಧಕ್ಕೇ ನಿಂತಿತು. ನೀಲಾ ಅವಳನ್ನು ದಾಟಿ ವೇದಿಕೆಗೆ ನಡೆದಳು.

ಅಲ್ಲಿ ಬೆರಳು ಮತ್ತೆ ಬಡಿಯತೊಡಗಿದವು; ಫೋಟೋದವನು ಕೈ ಕೆಳಗಿಡಿ ಎಂದು ತೆಲುಗಿನಲ್ಲಿ ಬೇಡಿಕೊಂಡ. ಅವಳಿಗೆ ಕೇಳಿಸಲೇ ಇಲ್ಲ. ಈಗ ಆಲ್ಬಮ್ಮಿನಲ್ಲಿ ನಿರೀಕ್ಷಾ ಬಾಯಿತುಂಬ ನಗುತ್ತಿದ್ದಾಳೆ. ಪಕ್ಕದಲ್ಲಿ ನೀಲಾ, ಬೆರಳು ಕೊರಳ ಎಲುಬಿನ ಮೇಲೆ, ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೇನೋ ಎಂಬಂಥ ಮುಖ. ಆದರೆ ಓಡಿಹೋಗಿಲ್ಲ.