ಮೂರು ಮಹಡಿಯ ಪಾರ್ಟಿ

ನಮ್ಮ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಪರದೆ ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿಸುವ ಕೆಲಸ ಅವಳದು, ಹಾಗಾಗಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಪರದೆಯಕ್ಕ. ಮೂರನೆಯ ಮಹಡಿಯಲ್ಲಿ ಎರಡೇ ಕೋಣೆಯ ಮನೆ. ಗಂಡ, ಅತ್ತೆ, ಅವಳು. ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಲಿಫ್ಟುಗಳಿಗೆ ಜೀವ ಕೊಡುವ ಆ ಮನುಷ್ಯ ಲಿಫ್ಟೇ ಇಲ್ಲದ ಕಟ್ಟಡದ ತುದಿಯಲ್ಲಿ ಮನೆ ಮಾಡಿದ್ದ. ಯಾರಾದರೂ ತಮಾಷೆ ಮಾಡಿದರೆ, ದಿನವಿಡೀ ಅದರ ಮುಖ ನೋಡಿ ಸಾಕಾಗಿರುತ್ತದೆ, ಮನೆಗೆ ಬಂದ ಮೇಲೂ ಯಾಕೆ ಎನ್ನುತ್ತಿದ್ದ. ನಾನು ಅವರ ಕೆಳಗಿನ ಮನೆಯವಳು. ಅವರ ಮನೆಯ ಸದ್ದೆಲ್ಲ ಮೊದಲು ನನ್ನ ಸೂರಿಗೇ ಬಂದು ಮುಟ್ಟುತ್ತದೆ.

ಪರದೆಯಕ್ಕನಿಗೆ ಒಂದು ಹುಚ್ಚಿತ್ತು. ಅಂಗಡಿಗೆ ಹೊಸ ಬಟ್ಟೆ ಬಂದಾಗಲೆಲ್ಲ ಹಳೆಯ ಸ್ಯಾಂಪಲ್ ಪುಸ್ತಕಗಳನ್ನು ಎಸೆಯುತ್ತಾರೆ. ಗಿರಾಕಿಗಳು ಮುಟ್ಟಿ ನೋಡಲೆಂದು ಅಂಗೈಯಗಲದ ತುಂಡುಗಳನ್ನು ಸೇರಿಸಿ ಹೊಲಿದಿರುತ್ತಾರಲ್ಲ, ಅವು. ನಮ್ಮಂಥವರು ಮೀಟರುಗಟ್ಟಲೆ ಕೊಳ್ಳುವ ಕನಸೂ ಕಾಣದ ರೇಷ್ಮೆ, ಮಖಮಲ್ಲು, ಜರಿಯ ಬಟ್ಟೆ ಎಲ್ಲವೂ ಅವುಗಳಲ್ಲಿ ಇರುತ್ತವೆ. ಮಾಲೀಕರನ್ನು ಕೇಳಿ ಅವನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದಳು. ಹೊಲಿಗೆ ಬಿಚ್ಚಿ, ಬಣ್ಣಬಣ್ಣಕ್ಕೆ ಬೇರೆ ಮಾಡಿ, ತ್ರಿಕೋನವಾಗಿ ಕತ್ತರಿಸಿ ಲಾಡಿಗೆ ಹೊಲಿದು ಉದ್ದುದ್ದ ಮಾಲೆ ಮಾಡುತ್ತಿದ್ದಳು. ಕತ್ತರಿಸಲು ಮನಸ್ಸು ಬಾರದ ತುಂಡುಗಳು ಲೋಟದಡಿಯ ಚೌಕಗಳಾಗುತ್ತಿದ್ದವು. ಜಾಮಿನ ಖಾಲಿ ಬಾಟಲಿಗಳನ್ನು ತೊಳೆದು, ಕೊರಳಿಗೆ ಪಟ್ಟಿ ಕಟ್ಟಿ ಲೋಟ ಮಾಡುತ್ತಿದ್ದಳು. ಎಲ್ಲವೂ ತಗಡಿನ ಟ್ರಂಕುಗಳಲ್ಲಿ ಮಂಚದ ಕೆಳಗೆ. ಟ್ರಂಕುಗಳು ಹೆಚ್ಚಿದಂತೆ ಮಂಚದ ಕಾಲಿಗೆ ಇಟ್ಟಿಗೆ ಸೇರುತ್ತಿದ್ದವು. ತಮ್ಮ ಮಂಚ ವರ್ಷಕ್ಕೊಂದು ಮಹಡಿ ಏರುತ್ತಿದೆ ಎಂದು ಗಂಡ ದೂರುತ್ತಿದ್ದ.

ಇಷ್ಟೆಲ್ಲ ಯಾತಕ್ಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಜನರನ್ನು ಕರೆದಾಗ ಬೇಕಾಗುತ್ತದೆ ಎಂದಿದ್ದಳು. ಆದರೆ ಆ ಮನೆಗೆ ಜನರನ್ನು ಕರೆದದ್ದನ್ನು ನಾನು ಕಂಡಿರಲೇ ಇಲ್ಲ.

ಕರೆಯಬಾರದೆಂದು ತಡೆದವರು ಅತ್ತೆ. ಅವರೇನು ಕೆಟ್ಟವರಲ್ಲ, ಮಾತು ಸ್ವಲ್ಪ ಚುರುಕು ಅಷ್ಟೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು, ಮಡಚಿ ಆಯುಷ್ಯ ಸವೆಸಿದವರು. ಜೊತೆಗೆಲಸದ ಹೆಂಗಸರ ಮನೆಗಳಿಗೆ ಹುಟ್ಟಿದ ದಿನಕ್ಕೆ, ಮೊಮ್ಮಗುವಿನ ಮುಖ ನೋಡಲಿಕ್ಕೆ, ಹೊಸ ಮನೆ ನೋಡಲಿಕ್ಕೆ ಹೋಗಿ ಬಂದಿದ್ದರು, ಉಂಡು ಬಂದಿದ್ದರು. ಒಬ್ಬರನ್ನೂ ತಿರುಗಿ ಕರೆದಿರಲಿಲ್ಲ. ಎರಡು ಕೋಣೆಯಲ್ಲಿ ಯಾರನ್ನು ಎಲ್ಲಿ ಕೂರಿಸುವುದು ಎಂಬ ಸಂಕೋಚ ವರ್ಷಗಳು ಕಳೆದಂತೆ ಒಳಗೇ ಗಟ್ಟಿಯಾಗಿತ್ತು. ಜೊತೆಯವರು ಮನೆ ಎಲ್ಲಿ ಎಂದು ಕೇಳಿದರೆ ಮಾತು ಹಾರಿಸುತ್ತಿದ್ದರಂತೆ.

ಅವರು ನಿವೃತ್ತರಾಗುವ ದಿನ ಹತ್ತಿರ ಬಂದಾಗ ಮಗ ಸೊಸೆ ಸೇರಿ ಪಾರ್ಟಿಗೆಂದು ಆಸ್ಪತ್ರೆಯ ಹಿಂಭಾಗದ ಸಿಬ್ಬಂದಿ ಸಭಾಂಗಣವನ್ನು ಕೇಳಿಕೊಂಡು ಬಂದರು. ಅತ್ತೆಗೆ ಆದ ಖುಷಿ ಹೇಳತೀರದು. ಲಾಂಡ್ರಿಯವರನ್ನೂ ವಾರ್ಡಿನ ನರ್ಸುಗಳನ್ನೂ ವ್ಯಾನಿನ ಡ್ರೈವರನನ್ನೂ ಒಬ್ಬೊಬ್ಬರನ್ನಾಗಿ ತಾವೇ ಹೋಗಿ ಕರೆದರು. ಮೊದಲ ಸಲ ಕರೆಯುವವರ ಸಂಭ್ರಮವೇ ಬೇರೆ. ಕರೆದವರನ್ನೇ ಮರೆತು ಮತ್ತೆ ಕರೆದದ್ದೂ ಉಂಟಂತೆ.

ಆ ದಿನ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಮೇಲೆ ಟ್ರಂಕು ಎಳೆಯುವ ಧಡಧಡ ಸದ್ದು ಒಮ್ಮೆಲೇ ನಿಂತಿತು. ಹತ್ತಿ ಹೋದರೆ ಅತ್ತೆ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಆಸ್ಪತ್ರೆಯಿಂದ ಫೋನು ಬಂದಿತ್ತಂತೆ, ಸಭಾಂಗಣದ ಚಾವಣಿಯ ಗಾರೆ ರಾತ್ರಿ ಕುಸಿದು ಬಿದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಬಾಗಿಲಿಗೆ ಬೀಗ ಜಡಿದಿದ್ದರು. ಜನ ಬರುವುದು ಸಂಜೆಗೆ.

ಅತ್ತೆ ಬೇಡ ಅಂದುಬಿಟ್ಟಿದ್ದರು. ಎಲ್ಲರಿಗೂ ಫೋನ್ ಮಾಡಿ ಹೇಳಿಬಿಡೋಣ, ನಮ್ಮ ಹಣೆಯಲ್ಲಿ ಬರೆದಿಲ್ಲ ಎಂದು ಗೋಡೆ ನೋಡುತ್ತಾ ಕೂತಿದ್ದರು. ಪರದೆಯಕ್ಕ ಅವರ ಮುಂದೆ ಮೊಣಕಾಲೂರಿ ಕೂತಳು.

"ಫೋನ್ ಮಾಡೋಣ ಅತ್ತೆ. ಜಾಗ ಬದಲಾಗಿದೆ, ನಮ್ಮ ಮನೆಗೇ ಬನ್ನಿ ಅಂತ."

"ಇಲ್ಲಿಗಾ? ಅಷ್ಟು ಜನ ಇಲ್ಲಿ ಬಂದು ಒಬ್ಬರ ತಲೆ ಮೇಲೊಬ್ಬರು ಕೂರ್ತಾರಾ?"

"ಕೂರೋದೇ ಬೇಡ," ಅಂದಳು ಅವಳು. "ನಮಗೆ ಎರಡು ಕೋಣೆ ಮಾತ್ರ ಅಲ್ಲ, ಮೂರು ಮಹಡಿ ಮೆಟ್ಟಿಲಿದೆ."

ಹಾಗೆ ಹೇಳುವಾಗ ಅವಳ ಕಣ್ಣು ನೋಡಬೇಕಿತ್ತು. ಎಷ್ಟೋ ವರ್ಷದಿಂದ ಮಂಚದ ಕೆಳಗೆ ಕಾದು ಕೂತದ್ದೆಲ್ಲ ಒಟ್ಟಿಗೆ ಎದ್ದು ನಿಂತ ಹಾಗಿತ್ತು. ಅತ್ತೆ ಸೊಸೆಯ ಮುಖವನ್ನೇ ನೋಡಿದರು. ಕೊನೆಗೆ, ಮಾನ ಹೋದರೆ ಇಬ್ಬರದೂ ಹೋಗಲಿ ಎಂದು ಫೋನು ಕೈಗೆತ್ತಿಕೊಂಡರು.

ಮೆಟ್ಟಿಲೆಂದರೆ ಗಡಿಯಾರದ ಮಾವನ ಅಪ್ಪಣೆ ಬೇಕು. ನೆಲಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಅವರು ಕಟ್ಟಡದ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಾರೆ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಬಿಟ್ಟರೂ ಎತ್ತಿ ತಂದು ಬಾಗಿಲು ತಟ್ಟುವ ಮನುಷ್ಯ. ನಾನೂ ಪರದೆಯಕ್ಕನೂ ಕೆಳಗಿಳಿದು ವಿಷಯ ಹೇಳಿದೆವು. ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೇ ಕೇಳಿಸಿಕೊಂಡರು.

"ನೋಡಮ್ಮ, ಮೆಟ್ಟಿಲು ಇರೋದು ಹತ್ತೋಕೆ, ಇಳಿಯೋಕೆ. ಗುಂಪು ಕಟ್ಕೊಂಡು ನಿಲ್ಲೋಕಲ್ಲ. ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ಉತ್ತರ ಕೊಡೋನು ನಾನು."

"ಯಾರೂ ನಿಲ್ಲಲ್ಲ ಮಾವ," ಅಂದಳು ಪರದೆಯಕ್ಕ. "ಎಲ್ಲರೂ ಹತ್ತುತ್ತಾ ಇರ್ತಾರೆ, ಇಳೀತಾ ಇರ್ತಾರೆ."

ಒಬ್ಬರು ನಿಂತದ್ದು ಕಂಡರೂ ಎಲ್ಲರನ್ನೂ ಹೊರಗೆ ಕಳಿಸುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಮೇಲೆ ಹತ್ತುವಾಗಲೇ ಅವಳ ಲೆಕ್ಕಾಚಾರ ಶುರುವಾಗಿತ್ತು. ಜನ ನಿಲ್ಲಬಾರದು ಎಂದರೆ ಮುಂದೆ ಏನಿದೆ ಎಂಬ ಆಸೆ ಹುಟ್ಟಬೇಕು. ಒಂದೊಂದು ಮಹಡಿಗೆ ಒಂದೊಂದು ರುಚಿ, ಒಂದೊಂದು ಬಣ್ಣ. ಕೆಳಗೆ ತಂಪು ನೀಲಿ, ಮೇಲೆ ಹೋದಂತೆ ಹಸಿರು, ಆಮೇಲೆ ಹಳದಿ, ಮನೆ ಬಾಗಿಲಿಗೆ ಬರುವಷ್ಟರಲ್ಲಿ ಕೆಂಪು. ತಿನ್ನುವುದೆಲ್ಲ ಒಂದೇ ಕೈಯಲ್ಲಿ ಹಿಡಿಯುವಂಥದ್ದು, ಯಾಕೆಂದರೆ ಇನ್ನೊಂದು ಕೈ ಮೆಟ್ಟಿಲ ಕಟಕಟೆ ಹಿಡಿಯಲು ಬೇಕು. ತಟ್ಟೆ ಬೇಡ, ಚಮಚ ಬೇಡ. ಸೂಪು ಕಪ್ಪಿನಲ್ಲಿ. ಬನ್ನು ಕಾಗದದ ಪೊಟ್ಟಣದಲ್ಲಿ. ಹಣ್ಣಿನ ಹೋಳು ಕಡ್ಡಿಗೆ ಚುಚ್ಚಿ.

ಆ ಹಗಲು ಹೇಗೆ ಕಳೆಯಿತೋ ನನಗೆ ಈಗಲೂ ತಿಳಿಯದು. ನಾನು ಆಫೀಸಿಗೆ ರಜೆ ಹೇಳಿದೆ. ಸೂಪು ನನ್ನ ಒಲೆಯ ಮೇಲೆ ಕುದಿಯಿತು, ಕಪ್ಪುಗಳು ಕಟ್ಟಡದ ಪ್ರತಿ ಮನೆಯಿಂದ ಬಂದವು. ಒಂದರಂತೆ ಒಂದಿರಲಿಲ್ಲ. ಪರದೆಯಕ್ಕ ಎಲ್ಲದರ ಹಿಡಿಗೂ ಒಂದೇ ಹಳದಿ ಪಟ್ಟಿ ಕಟ್ಟಿದಳು, ನೋಡಿದರೆ ಬೇಕೆಂದೇ ಆರಿಸಿ ತಂದ ಕಪ್ಪುಗಳ ಹಾಗೆ ಕಾಣತೊಡಗಿದವು. ಗಂಡ ಒಳಕೋಣೆಯ ಬಾಗಿಲನ್ನು ತಿರುಪು ಬಿಚ್ಚಿ ಕಳಚಿ, ಖಾಲಿಯಾದ ಟ್ರಂಕುಗಳ ಮೇಲೆ ಅಡ್ಡ ಮಲಗಿಸಿದ. ಅದರ ಮೇಲೆ ಕೆಂಪು ಬಟ್ಟೆ ಹಾಸಿದ್ದೇ ತಡ, ಉದ್ದನೆಯ ಭರ್ಜರಿ ಮೇಜು. ಬಾಗಿಲು ಹೋದದ್ದರಿಂದ ಎರಡು ಕೋಣೆ ಒಂದಾಗಿ ಮನೆಯೂ ದೊಡ್ಡದಾಯಿತು. ಇನ್ನೂ ದೊಡ್ಡದಾಗಿ ಕಾಣಲಿ ಎಂದು ಪರದೆಯಕ್ಕ ಬೀರುವಿನ ಕನ್ನಡಿ ಬಿಚ್ಚಿ ಮೇಜಿನ ಹಿಂದಿನ ಗೋಡೆಗೆ ಒರಗಿಸಿದಳು. ಮಾಲೆಗಳನ್ನು ನಾವಿಬ್ಬರೂ ಕಟಕಟೆಗೆ ಸುತ್ತುತ್ತಾ ಕೆಳಗಿಳಿದೆವು. ಮಖಮಲ್ಲಿನ ಪಕ್ಕ ರೇಷ್ಮೆ, ರೇಷ್ಮೆಯ ಪಕ್ಕ ಜರಿ. ಬಣ್ಣ ಮಾಸಿದ ಆ ಮೆಟ್ಟಿಲ ಗೋಡೆ ಅಂಥ ಬಟ್ಟೆಯನ್ನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಅತ್ತೆ ಮಾತ್ರ ಎಲ್ಲಿ ಕೂರಬೇಕೆಂದು ತಿಳಿಯದೆ ಓಡಾಡುತ್ತಿದ್ದರು. ಪರದೆಯಕ್ಕ ಅವರಿಗೆ ಎರಡನೆಯ ಮಹಡಿಯಲ್ಲಿ, ನನ್ನ ಬಾಗಿಲ ಪಕ್ಕ, ನನ್ನದೇ ಬೆತ್ತದ ಕುರ್ಚಿ ಹಾಕಿಸಿದಳು. ಹತ್ತುವವರೂ ಇಳಿಯುವವರೂ ಅವರನ್ನು ಮಾತನಾಡಿಸದೆ ಹೋಗುವಂತಿರಲಿಲ್ಲ.

ಕೇಕಿನ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಗಂಡ ಬೇಕರಿಯಿಂದ ಸ್ಕೂಟರಿನಲ್ಲಿ ತರುವಾಗ ಎಲ್ಲೋ ಬ್ರೇಕು ಹಾಕಿದ್ದಾನೆ. ಪೆಟ್ಟಿಗೆ ತೆಗೆದರೆ ಒಂದು ಕಡೆ ಚೆನ್ನಾಗಿಯೇ ಇದೆ, ಇನ್ನೊಂದು ಕಡೆ ಕೆನೆ ಜಾರಿ ಗೋಡೆ ಕುಸಿದ ಹಾಗಾಗಿದೆ. ಅವನ ಮುಖ ಸಣ್ಣದಾಯಿತು. ಸಮಯವಿರಲಿಲ್ಲ. ಪರದೆಯಕ್ಕ ಚೆನ್ನಾದ ಕಡೆಯನ್ನು ಜನರತ್ತ ತಿರುಗಿಸಿಟ್ಟು ಕೆಳಗೆ ಓಡಿದಳು, ಯಾಕೆಂದರೆ ಕೆಳಬಾಗಿಲಲ್ಲಿ ಆಗಲೇ ನಗು ಕೇಳಿಸುತ್ತಿತ್ತು.

ಮೊದಲು ಬಂದವರು ಇಸ್ತ್ರಿಯಮ್ಮ. ಲಾಂಡ್ರಿಯಲ್ಲಿ ಅತ್ತೆಯ ಎದುರಿಗೇ ನಿಂತು ಇಸ್ತ್ರಿ ಮಾಡಿದವರು, ಅವರಷ್ಟೇ ಬಾಯಿ ಜೋರು. ಮೊದಲ ಮಹಡಿಯಲ್ಲಿ ಬಾಟಲಿ ಲೋಟದಲ್ಲಿ ನಿಂಬೆಯ ಪಾನಕ ಹಿಡಿದು, ಮಾಲೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾ ಎರಡನೆಯ ಮಹಡಿಗೆ ಹತ್ತಿ ಬಂದರು. ಅತ್ತೆ ಕುರ್ಚಿಯಿಂದ ಏಳಹೋಗಿ, ಏಳಲಾರದೆ ಹಾಗೇ ಕೂತರು.

"ಅಂತೂ ನಿನ್ನ ಮನೆ ಎಲ್ಲಿದೆ ಅಂತ ಗೊತ್ತಾಯ್ತು ನೋಡು," ಅಂದರು ಇಸ್ತ್ರಿಯಮ್ಮ.

"ಮನೆ ಇನ್ನೂ ಮೇಲಿದೆ ಕಣೇ. ಇಲ್ಲೇ ಸುಸ್ತಾಗಬೇಡ."

ಇಬ್ಬರೂ ನಕ್ಕರು. ಆ ನಗುವಿನಲ್ಲಿ ಅತ್ತೆಯ ಬಿಗಿದ ಹೆಗಲು ಇಳಿದದ್ದು ಕಣ್ಣಿಗೆ ಕಾಣಿಸಿತು.

ಆಮೇಲೆ ಜನ ಬಂದೇ ಬಂದರು. ಸಮವಸ್ತ್ರದಲ್ಲೇ ಬಂದ ನರ್ಸುಗಳು, ಹೆಂಡತಿಯ ಕೈ ಹಿಡಿದ ವ್ಯಾನ್ ಡ್ರೈವರ್, ಮಕ್ಕಳು ಮರಿ. ಕೆಳಗಿನಿಂದ ಮೇಲಿನವರೆಗೆ ಮಾತಿನ ಒಂದು ಹೊಳೆ ಹರಿದ ಹಾಗೆ. ಹತ್ತುವವರು ಇಳಿಯುವವರನ್ನು ಮುಂದೇನಿದೆ ಎಂದು ಕೇಳುವುದು, ಅವರು ಹೇಳುವುದಿಲ್ಲ ನೀವೇ ಹೋಗಿ ನೋಡಿ ಎನ್ನುವುದು. ಸಭಾಂಗಣದಲ್ಲಾಗಿದ್ದರೆ ನರ್ಸುಗಳು ಒಂದು ಮೂಲೆಗೆ, ಲಾಂಡ್ರಿಯವರು ಒಂದು ಮೂಲೆಗೆ ಸೇರಿ ಕೂರುತ್ತಿದ್ದರೇನೋ. ಇಲ್ಲಿ ಮೆಟ್ಟಿಲು ಇಕ್ಕಟ್ಟು, ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಡಿಕ್ಕಿ ಹೊಡೆಯಲೇಬೇಕು, ಹೊಡೆದ ಮೇಲೆ ಮಾತನಾಡಲೇಬೇಕು. ಕಾಗದದ ಕರವಸ್ತ್ರ ಮಡಚಿಟ್ಟದ್ದು ಸರಿಯಿಲ್ಲವೆಂದು ಲಾಂಡ್ರಿಯ ಹೆಂಗಸರಿಬ್ಬರು ನನ್ನ ಮನೆಗೆ ನುಗ್ಗಿ, ಅಷ್ಟನ್ನೂ ಬಿಚ್ಚಿ ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಚಿದರು.

ಗಡಿಯಾರದ ಮಾವ ಕಾವಲಿಗೆಂದು ತಮ್ಮ ಬಾಗಿಲಲ್ಲೇ ಇದ್ದರು. ಯಾರಾದರೂ ನಿಂತರೆ ಕೈ ಬೀಸಿ ಹತ್ತಿಸುತ್ತಿದ್ದರು. ಹೀಗೆ ಹತ್ತಿಸುತ್ತಾ ಹತ್ತಿಸುತ್ತಾ ಯಾವಾಗ ತಾವೇ ಮೊದಲ ಮಹಡಿಗೆ ಬಂದರೋ, ಅಲ್ಲಿಂದ ಸೂಪಿನ ವಾಸನೆ ಹಿಡಿದು ಎರಡನೆಯದಕ್ಕೆ ಬಂದರೋ ಗೊತ್ತಿಲ್ಲ. ಹಳದಿ ಪಟ್ಟಿಯ ಕಪ್ಪು ಹಿಡಿದು ಡ್ರೈವರನ ಜೊತೆ ಹಳೆಯ ಎಂಜಿನುಗಳ ಬಗ್ಗೆ ಮಾತಿಗಿಳಿದಿದ್ದರು. ಇಸ್ತ್ರಿಯಮ್ಮ ಅವರ ಭುಜ ತಟ್ಟಿ, ಯಜಮಾನರೇ, ಇಲ್ಲಿ ನಿಲ್ಲುವ ಹಾಗಿಲ್ಲವಂತೆ, ಮೇಲೆ ನಡೆಯಿರಿ ಎಂದರು. ಆ ಮನುಷ್ಯ ಕಪ್ಪು ಹಿಡಿದುಕೊಂಡೇ ಮೇಲೆ ಹತ್ತಿದರು.

ಎಲ್ಲರೂ ಬಂದಾದ ಮೇಲೆ ಅತ್ತೆ ಕುರ್ಚಿಯಿಂದ ಎದ್ದರು. ಸೊಸೆಯ ತೋಳು ಹಿಡಿದು, ಬನ್ನಿ, ನಮ್ಮ ಮನೆ ನೋಡಿ ಎಂದು ತಾವೇ ಮುಂದಾಗಿ ಹತ್ತಿದರು. ಒಳಗೆ ಹಿಡಿಸಿದಷ್ಟು ಜನ ಒಳಗೆ, ಉಳಿದವರು ಬಾಗಿಲಿನಿಂದ ಕತ್ತು ಚಾಚಿ. ಕೆಂಪು ಬಟ್ಟೆಯ ಮೇಲೆ ದೀಪದ ಬೆಳಕು ಬಿದ್ದು ಕೋಣೆಗೆ ಕೋಣೆಯೇ ಹೊಳೆಯುತ್ತಿತ್ತು. ಮೇಜಿನ ಮುಂದೆ ನಿಂತ ಅತ್ತೆ ಕೇಕು ನೋಡಿದರು, ಅದರ ಹಿಂದಿನ ಕನ್ನಡಿ ನೋಡಿದರು. ಕುಸಿದ ಬೆನ್ನು ಕನ್ನಡಿಯಲ್ಲಿ ಎಲ್ಲರಿಗೂ ನಿಚ್ಚಳವಾಗಿ ಕಾಣುತ್ತಿತ್ತು. ಪರದೆಯಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡ ಮೆಲ್ಲಗೆ ಹಿಂದೆ ಸರಿದ.

"ಇಷ್ಟು ವರ್ಷ ಮುದುಡಿದ್ದನ್ನೆಲ್ಲ ನೆಟ್ಟಗೆ ಮಾಡಿದ್ದೀನಿ," ಅಂದರು ಅತ್ತೆ. "ಇದೊಂದು ನನ್ನ ಕೈಲಿ ಆಗಲ್ಲಪ್ಪ. ಹಾಗೇ ತಿನ್ನಿ."

ಆ ನಗು ಮೂರು ಮಹಡಿ ಇಳಿದು ಬೀದಿಗೂ ಕೇಳಿಸಿರಬೇಕು.

ಹೊರಡುವಾಗ ಒಬ್ಬ ನರ್ಸು ಪರದೆಯಕ್ಕನನ್ನು ಪಕ್ಕಕ್ಕೆ ಕರೆದು, ಅಲಂಕಾರ ಮಾಡಿದ್ದು ಯಾವ ಕಂಪನಿ ಎಂದು ಕೇಳಿದಳು. ತಾನೇ ಎಂದಾಗ ನಂಬಲಿಲ್ಲ. ತನ್ನ ತಂಗಿಯ ಹುಟ್ಟಿದ ದಿನಕ್ಕೆ ಇದೆಲ್ಲವನ್ನೂ ಬಾಡಿಗೆಗೆ ಕೊಡುತ್ತೀಯಾ ಎಂದಳು. ಬಾಡಿಗೆ ಎಂಬ ಮಾತು ಪರದೆಯಕ್ಕನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಮರುವಾರ ಹಸಿರು ಮಾಲೆಗಳ ಟ್ರಂಕು ನರ್ಸಿನ ಮನೆಗೆ ಹೋಯಿತು. ಅಲ್ಲಿಂದ ಅವಳ ಸ್ನೇಹಿತೆಯ ಮನೆಗೆ. ನೀಲಿ ಟ್ರಂಕು ಇನ್ನೆಲ್ಲಿಗೋ. ದರ ಎಷ್ಟೆಂದರೆ, ಇಬ್ಬರು ಹೋಟೆಲಿನಲ್ಲಿ ಊಟ ಮಾಡಿ ಬಂದಷ್ಟೇ. ಆದರೆ ಟ್ರಂಕಿನ ಜೊತೆ ಅವಳೂ ಹೋಗಿ ಮನೆ ನೋಡಲೇಬೇಕು. ಹೋದವಳು ಯಾವ ಬಾಗಿಲು ಕಳಚಬೇಕು, ಯಾವ ದೀಪ ಆರಿಸಬೇಕು, ಮಂಚಕ್ಕೆ ಯಾವ ಬಟ್ಟೆ ಹೊದಿಸಿದರೆ ಸೋಫಾ ಆಗುತ್ತದೆ ಎಂದು ಹೇಳಿ ಬರುತ್ತಾಳೆ. ಮನೆ ಚಿಕ್ಕದು ಎಂದು ಯಾರಾದರೂ ಸಂಕೋಚಪಟ್ಟರೆ ಅವಳಿಗೆ ಹುರುಪು ಇಮ್ಮಡಿಯಾಗುತ್ತದೆ.

ಈಗ ಅವಳು ಪರದೆ ಅಂಗಡಿಗೆ ಹೋಗುವುದು ಮಧ್ಯಾಹ್ನದವರೆಗೆ ಮಾತ್ರ. ನಿವೃತ್ತರಾದ ಅತ್ತೆ ನಿವೃತ್ತರಾಗಿಲ್ಲ. ಮರಳಿ ಬಂದ ಬಟ್ಟೆಗಳ ಕಲೆ ತೆಗೆಯುವುದು, ಒಗೆಯುವುದು, ಮಡಚುವುದು ಅವರ ಇಲಾಖೆ. ಅವರ ಕಣ್ಣು ತಪ್ಪಿಸಿ ಒಂದು ಸುಕ್ಕೂ ಟ್ರಂಕಿನೊಳಗೆ ಹೋಗುವಂತಿಲ್ಲ. ವಾರಕ್ಕೊಮ್ಮೆ ಇಸ್ತ್ರಿಯಮ್ಮ ಸಹಾಯಕ್ಕೆಂದು ಬರುತ್ತಾರೆ, ಮಡಚುವುದಕ್ಕಿಂತ ಹರಟೆಯೇ ಹೆಚ್ಚು.

ನಿನ್ನೆ ಸಂಜೆ ಪರದೆಯಕ್ಕ ನನ್ನ ಬಾಗಿಲು ಬಡಿದಳು, ಉಸಿರು ಮೇಲೆ ಕೆಳಗಾಗಿತ್ತು. ಸಂಗೀತ ಮೇಷ್ಟ್ರೊಬ್ಬರು ಬಂದಿದ್ದರಂತೆ. ಒಂದೇ ಕೋಣೆ, ಅದರಲ್ಲಿ ಮುಕ್ಕಾಲು ಪಾಲು ಪಿಯಾನೋ. ಶಿಷ್ಯರನ್ನೆಲ್ಲ ಊಟಕ್ಕೆ ಕರೆಯಬೇಕಂತೆ, ಪಿಯಾನೋ ಒಂದಿಂಚೂ ಕದಲಿಸುವ ಹಾಗಿಲ್ಲವಂತೆ. ಬಾಗಿಲಿಗೆ ಒರಗಿ ನಿಂತು, ಮುಖವೆಲ್ಲ ಅರಳಿಸಿಕೊಂಡು ಹೇಳಿದಳು.

"ಇಂಥ ಕೋಣೆ ನಾನು ನೋಡೇ ಇಲ್ಲ ಕಣೇ. ಬಾ, ಈಗಲೇ ಹೋಗಿ ನೋಡ್ಕೊಂಡು ಬರೋಣ."

ನಾನು ಒಲೆ ಆರಿಸಿ ಚಪ್ಪಲಿ ಮೆಟ್ಟಿದೆ.